ಗುರುಗಳನ್ನು ಕಂಡು ನಕ್ಕವರು



ಆಗಸ್ಟ್ 4, ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬ. ಅಂದು ಬಲಿಪೂಜೆಯ ನಂತರ ನೀವು ನಮಗೆ ಹಾರ ಹಾಕಿ, ಶಾಲು ಹೊದಿಸಿ, ನಾಲ್ಕು ಒಳ್ಳೆಯ ಮಾತಾಡುತ್ತೀರಿ. ನಿಮ್ಮ ಪ್ರೀತಿಗೆ ನಾವು ಋಣಿಗಳು. ಹಾರ ಹಾಕಿಸಿಕೊಳ್ಳುವ ಆ ದಿನವೇ, ನಮ್ಮಂಥವರನ್ನು ಕಂಡು ನಕ್ಕವರನ್ನೂ ನೆನೆಯುವುದು ನಮ್ಮ ಆತ್ಮಕ್ಕೆ ಒಳ್ಳೆಯದು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನಿಂದ ‘ಪಂಚ್’ ಎಂಬ ಹಾಸ್ಯಪತ್ರಿಕೆ ಬರುತ್ತಿತ್ತು. 1895ರ ನವೆಂಬರ್ 9ರಂದು ಅದರಲ್ಲಿ ಜಾರ್ಜ್ ಡು ಮೋರಿಯೇ ಬರೆದ ಚಿತ್ರವೊಂದು ಅಚ್ಚಾಯಿತು. ಆಂಗ್ಲಿಕನ್ ಬಿಷಪರ ಮನೆಯಲ್ಲಿ ಬೆಳಗಿನ ಉಪಾಹಾರ. ಕಿರಿಯ ಪಾದ್ರಿಯೊಬ್ಬನಿಗೆ ಕೆಟ್ಟ ಮೊಟ್ಟೆ ಸಿಕ್ಕಿದೆ. ಬಿಷಪರೇ ಅದನ್ನು ಗಮನಿಸಿ ಹೇಳಿದರೂ ಆತ ಒಪ್ಪುವುದಿಲ್ಲ. ಇದರ ಕೆಲವು ಭಾಗಗಳು ಬಹಳ ಚೆನ್ನಾಗಿವೆ ಎಂದುಬಿಡುತ್ತಾನೆ! ಚಿತ್ರದ ಹೆಸರು ‘ನಿಜವಾದ ವಿನಯ’. ದೊಡ್ಡವರ ಮುಂದೆ ಸತ್ಯ ಹೇಳಲಾರದ ಅಂಜಿಕೆ ವಿನಯದ ವೇಷ ಹಾಕಿಕೊಂಡಾಗ ಹೀಗೆ ಕಾಣುತ್ತದೆ.

ವೇಷದ ಭಕ್ತಿಯನ್ನು ಕಂಡು ನಗುವುದು ನಮ್ಮ ನಾಡಿಗೂ ಹೊಸದಲ್ಲ. ಹಂಪಿಗೆ ಹೋದವರು ವಿಠ್ಠಲ ದೇವಾಲಯದ ಸಮೀಪ, ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪವನ್ನು ನೋಡಿರುತ್ತೀರಿ. ಹೊಳೆ ತುಂಬಿ ಬಂದಾಗ ಅದು ನೀರಿನಲ್ಲಿ ಮುಳುಗುತ್ತದೆ. 16ನೆಯ ಶತಮಾನದಲ್ಲಿ, ವಿಜಯನಗರದ ವೈಭವದ ದಿನಗಳಲ್ಲಿ, ಪುರಂದರದಾಸರು ಇಲ್ಲಿ ಬಾಳಿದರು. ಹೊಟ್ಟೆಪಾಡಿಗಾಗಿ ವೈರಾಗ್ಯದ ಸೋಗು ಹಾಕುವವರನ್ನು, ನಾಲ್ಕು ಜನ ನೋಡಲೆಂದು ಜಪತಪ ಮಾಡುವವರನ್ನು ಅವರು ಹಾಡಿನಲ್ಲೇ ಗೇಲಿ ಮಾಡಿದರು. ಆ ಭಕ್ತಿಯನ್ನು ಪ್ರೀತಿಸಿ, ಅದರೊಳಗೇ ಬದುಕಿದವರು ಅವರು. ಮನೆ ಗುಡಿಸುವವರಿಗೇ ಅಲ್ಲವೇ ಮೂಲೆಯ ಕಸ ಕಾಣುವುದು?

ಆದರೆ ಎಲ್ಲ ನಗೆಯೂ ಒಂದೇ ಬಗೆಯದಲ್ಲ. 1850ರಲ್ಲಿ ಒಂಬತ್ತನೆಯ ಭಕ್ತಿನಾಥ ಜಗದ್ಗುರುಗಳು ಇಂಗ್ಲೆಂಡಿನಲ್ಲಿ ಕಥೋಲಿಕ ಧರ್ಮಕ್ಷೇತ್ರಗಳನ್ನು ಮರಳಿ ಸ್ಥಾಪಿಸಿದಾಗ ಅದೇ ‘ಪಂಚ್’ ಜಗದ್ಗುರುಗಳನ್ನೂ ಕಾರ್ಡಿನಲ್ ವೈಸ್‌ಮನ್ ಅವರನ್ನೂ ಹೀನಾಯವಾಗಿ ಅಣಕಿಸಿತು. ಪತ್ರಿಕೆಯ ಚಿತ್ರಕಾರ ರಿಚರ್ಡ್ ಡಾಯ್ಲ್ ಕಥೋಲಿಕ. ಆತ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರನಡೆದ. ಆತ ಬರೆದ ಮುಖಪುಟದ ಚಿತ್ರವನ್ನು ಮಾತ್ರ ಪತ್ರಿಕೆ 1956ರವರೆಗೂ ಬಳಸಿತು! ನಗಿಸುವುದೇ ವೃತ್ತಿಯಾಗಿದ್ದವನಿಗೆ ತಪ್ಪನ್ನು ಕಂಡು ನಗುವುದಕ್ಕೂ ವಿಶ್ವಾಸವನ್ನು ಹೀಯಾಳಿಸುವುದಕ್ಕೂ ಇರುವ ಅಂತರ ಗೊತ್ತಿತ್ತು.

ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರ ಬಗ್ಗೆ ಪ್ರಭು ಯೇಸು ಹೇಳಿದಾಗ, ಸುತ್ತ ನಿಂತಿದ್ದ ಜನ ನಕ್ಕಿರಲಾರರೇ? ಫರಿಸಾಯರಿಗೆ ಮಾತ್ರ ಸಿಟ್ಟು ಬಂದಿರಬೇಕು. ನಗೆಗೆ ಗುರಿಯಾದವನು ಏನು ಮಾಡುತ್ತಾನೆ ಎಂಬುದೇ ಮುಖ್ಯ.

ಇದಕ್ಕೆ ಉತ್ತರ ಸಂತ ವಿಯಾನ್ನಿಯವರ ಬಾಳಿನಲ್ಲಿದೆ. ಲತೀನ್ ತಲೆಗೆ ಹತ್ತದೆ ಗುರುಮಠದಲ್ಲಿ ಹಿಂದುಳಿದವರು ಅವರು. 1818ರಲ್ಲಿ ಆರ್ಸ್ ಎಂಬ ಪುಟ್ಟ ಹಳ್ಳಿಗೆ ಬಂದರು. ಇವರು ಅಯೋಗ್ಯರೆಂದು ನೆರೆಯ ಗುರುಗಳು ಧರ್ಮಾಧ್ಯಕ್ಷರಿಗೆ ಮನವಿ ಬರೆದರಂತೆ. ಆ ಕಾಗದ ಕೈತಪ್ಪಿ ಅವರಲ್ಲಿಗೇ ಬಂದಾಗ, ಓದಿ, ತಾವೂ ರುಜು ಹಾಕಿ ಕಳುಹಿಸಿದರೆಂದು ಅವರ ಚರಿತ್ರೆ ಹೇಳುತ್ತದೆ. ಮೊಟ್ಟೆ ಕೆಟ್ಟಿದೆಯೆಂದು ಒಪ್ಪಿಕೊಳ್ಳುವ ಧೈರ್ಯ ಇದು. ನಿಜವಾದ ವಿನಯವೂ ಇದೇ.

ಪ್ರಿಯರೇ, ನಮ್ಮ ಪ್ರಬೋಧನೆ ಸಪ್ಪೆಯಾದಾಗ, ಮಾತು ಒರಟಾದಾಗ, ಎದುರಿಗೆ ‘ಚೆನ್ನಾಗಿತ್ತು ಫಾದರ್’ ಎಂದು ಹೇಳಿ ಗೇಟಿನಾಚೆ ನಗಬೇಡಿ. ಪ್ರೀತಿಯಿಂದ ನಮಗೇ ಹೇಳಿ. ಕೇಳಿಸಿಕೊಳ್ಳುವ ಕಿವಿಯನ್ನು ನಮಗೆ ಕೊಡುವಂತೆ ಸಂತ ವಿಯಾನ್ನಿಯವರ ಬಿನ್ನಹವನ್ನು ಬೇಡೋಣ. ಆಮೆನ್.