1900ರ ಪ್ಯಾರಿಸ್ ಒಲಿಂಪಿಕ್ಸ್‌ನ ವೇಗದ ಓಟಗಳು

ಆಧುನಿಕ ಒಲಿಂಪಿಕ್ಸ್‌ನ ಎರಡನೆಯ ಕೂಟದ ಅಂಗವಾಗಿ 1900ರ ಜುಲೈ 14ರಿಂದ 22ರವರೆಗಿನ ದಿನಗಳಲ್ಲಿ ಪ್ಯಾರಿಸ್‌ನ ಬ್ವಾ ದ ಬುಲೋನ್ ಉದ್ಯಾನದೊಳಗಿನ ಕ್ರ್ವಾ ಕಾತ್ಲಾಂ ಮೈದಾನದಲ್ಲಿ ಈ ಓಟಗಳು ನಡೆದವು. 60, 100, 200 ಮತ್ತು 400 ಮೀಟರ್ ಓಟಗಳು ನಾಲ್ಕು. 110, 200 ಮತ್ತು 400 ಮೀಟರ್ ಹರ್ಡಲ್ಸ್ ಓಟಗಳು ಮೂರು. ಇವುಗಳಲ್ಲಿ 60 ಮತ್ತು 200 ಮೀಟರ್ ಓಟಗಳೂ 200 ಮತ್ತು 400 ಮೀಟರ್ ಹರ್ಡಲ್ಸ್ ಓಟಗಳೂ ಒಲಿಂಪಿಕ್ಸ್‌ಗೆ ಬಂದದ್ದು ಇಲ್ಲೇ ಮೊದಲು. ಏಳರಲ್ಲಿ ಏಳನ್ನೂ ಅಮೆರಿಕದ ಓಟಗಾರರು ಗೆದ್ದರು. ಭಾರತದ ಹೆಸರಿನಲ್ಲಿ ದಾಖಲಾಗಿರುವ ಮೊದಲ ಒಲಿಂಪಿಕ್ ಪದಕಗಳೂ ಈ ಓಟಗಳಿಂದಲೇ ಬಂದವು. ಇಂದು ದಾಖಲೆ ಪುಸ್ತಕಗಳಲ್ಲಿ ಇವುಗಳ ಫಲಿತಾಂಶ ಬಹಳ ಅಚ್ಚುಕಟ್ಟಾಗಿ ಕಾಣುತ್ತದೆ: ಓಟಗಾರನ ಹೆಸರು, ದೇಶ, ಸಮಯ, ಪದಕ. ಆ ನಾಲ್ಕು ಕಾಲಂಗಳಲ್ಲಿ ಓಟ ನಡೆದ ದಿನವೇ ನಿರ್ವಿವಾದವಾಗಿ ತುಂಬಿದ್ದು ಹೆಸರಿನದು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಆಮೇಲೆ ಸೇರಿಸಿದ್ದು.

ಹಿನ್ನೆಲೆ

1896ರ ಅಥೆನ್ಸ್ ಕೂಟದಲ್ಲಿ ವೇಗದ ಓಟಗಳೆಂದರೆ 100, 400 ಮೀಟರ್ ಮತ್ತು 110 ಮೀಟರ್ ಹರ್ಡಲ್ಸ್ ಅಷ್ಟೆ. ಬಾಸ್ಟನ್ನಿನ ಟಾಮ್ ಬರ್ಕ್ 100 ಮೀಟರನ್ನು 12.0 ಸೆಕೆಂಡಿನಲ್ಲಿ, 400 ಮೀಟರನ್ನು 54.2 ಸೆಕೆಂಡಿನಲ್ಲಿ ಗೆದ್ದಿದ್ದ. ಅವನು ಕೈಗಳನ್ನು ನೆಲಕ್ಕೆ ಊರಿ ಬಾಗಿ ನಿಂತು ಓಟ ಆರಂಭಿಸಿದ್ದು ಯುರೋಪಿನ ನೋಡುಗರಿಗೆ ವಿಚಿತ್ರವಾಗಿ ಕಂಡಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆ ಪದ್ಧತಿ ಆಗಲೇ ಬೇರೂರಿತ್ತು. ಅಲ್ಲಿ ಸಂಬಳದ ತರಬೇತುದಾರರಿದ್ದರು, ವರ್ಷವಿಡೀ ಅಂತರ ಕಾಲೇಜು ಪಂದ್ಯಗಳಿದ್ದವು. ಪ್ಯಾರಿಸ್‌ಗೆ ಬಂದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ತಂಡವನ್ನು ಪಳಗಿಸಿದವನು ಆ ಕಾಲದ ಹೆಸರಾಂತ ತರಬೇತುದಾರ ಮೈಕ್ ಮರ್ಫಿ. ತಂಡದ ಇಬ್ಬರು ಮುಖ್ಯ ಓಟಗಾರರಾದ ಆಲ್ವಿನ್ ಕ್ರೆನ್ಜ್‌ಲೈನ್ ಮತ್ತು ವಾಲ್ಟರ್ ಟ್ಯೂಕ್ಸ್‌ಬರಿ ಇಬ್ಬರೂ ದಂತವೈದ್ಯಕೀಯ ಓದಿದವರು.

ಒಲಿಂಪಿಕ್ಸನ್ನು ತನ್ನ ಊರಿಗೆ ತರಬೇಕೆಂಬ ಪಿಯರ್ ದ ಕೂಬರ್ತಾನ ಆಸೆ ಈಡೇರಿತು, ಆದರೆ ಕೂಟ ಅವನ ಕೈಯಲ್ಲಿ ಉಳಿಯಲಿಲ್ಲ. ಅದೇ ವರ್ಷದ ಪ್ಯಾರಿಸ್ ವಿಶ್ವ ಪ್ರದರ್ಶನ ಅದನ್ನು ನುಂಗಿಹಾಕಿತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹರಡಿಕೊಂಡ ಸ್ಪರ್ಧೆಗಳನ್ನು ದೈಹಿಕ ವ್ಯಾಯಾಮ ಮತ್ತು ಕ್ರೀಡೆಗಳ ಅಂತರರಾಷ್ಟ್ರೀಯ ಸ್ಪರ್ಧೆ ಎಂದು ಕರೆದರು. ಒಲಿಂಪಿಕ್ ಎಂಬ ಮಾತು ಕೇಳಿಬಂದದ್ದೇ ಅಪರೂಪ. ತಾವು ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದೆವೆಂದು ಎಷ್ಟೋ ಸ್ಪರ್ಧಿಗಳಿಗೆ ಗೊತ್ತಿರಲೇ ಇಲ್ಲ. ಬಹುಮಾನವಾಗಿ ಬಟ್ಟಲು, ಫಲಕ, ಪಾರಿತೋಷಕಗಳನ್ನು ಹಂಚಿದರು. ಮೊದಲ ಮೂವರಿಗೆ ಚಿನ್ನ, ಬೆಳ್ಳಿ, ಕಂಚು ಎಂಬ ಕ್ರಮ ಆಗಿನ್ನೂ ಬಂದಿರಲಿಲ್ಲ. ಈಗ ಪಟ್ಟಿಗಳಲ್ಲಿ ಕಾಣುವ 1900ರ ಪದಕಗಳೆಲ್ಲ ಮುಂದೆ ಸ್ಥಾನಗಳನ್ನು ನೋಡಿ ಕೊಟ್ಟವು.

ಮೈದಾನ ಮತ್ತು ಗಡಿಯಾರ

ಕ್ರ್ವಾ ಕಾತ್ಲಾಂ ಮೈದಾನ ರೇಸಿಂಗ್ ಕ್ಲಬ್ ದ ಫ್ರಾನ್ಸ್ ಎಂಬ ಸಂಸ್ಥೆಯ ವಶದಲ್ಲಿತ್ತು. ಉದ್ಯಾನದ ಹುಲ್ಲಿಗಾಗಲಿ ಮರಗಳಿಗಾಗಲಿ ಹಾನಿಯಾಗದಂತೆ ಓಟ ನಡೆಯಬೇಕೆಂಬುದು ಅಲ್ಲಿನ ಕಟ್ಟಳೆ. ಹಾಗಾಗಿ ಟ್ರ್ಯಾಕ್ ಎಂದರೆ ಹುಲ್ಲಿನ ಮೇಲೆ ಗುರುತು ಮಾಡಿದ 500 ಮೀಟರ್ ಸುತ್ತಿನ ದಾರಿ. ನೆಲ ಸಮತಟ್ಟಾಗಿರಲಿಲ್ಲ. ಎಸೆತದ ಸ್ಪರ್ಧೆಗಳಲ್ಲಿ ಡಿಸ್ಕಸ್ ಮರಗಳಿಗೆ ಹೋಗಿ ಬಡಿಯುತ್ತಿತ್ತು. ಗಟ್ಟಿ ಸಿಂಡರ್ ಟ್ರ್ಯಾಕ್‌ಗಳಲ್ಲಿ ಓಡಿ ಅಭ್ಯಾಸವಾಗಿದ್ದ ಅಮೆರಿಕನ್ನರಿಗೆ ಇದು ಹಿಡಿಸಲಿಲ್ಲ. ಕಾಲು ಊರಿಕೊಳ್ಳುವ ಸ್ಟಾರ್ಟಿಂಗ್ ಬ್ಲಾಕ್ ಬರಲು ಇನ್ನೂ ಎರಡು ಮೂರು ದಶಕ ಬೇಕಿತ್ತು. ಆ ಕಾಲದ ಓಟಗಾರರು ನೆಲದಲ್ಲಿ ಸಣ್ಣ ಕುಳಿ ತೋಡಿ ಅದರಿಂದಲೇ ಜಿಗಿಯುತ್ತಿದ್ದರು.

ಸಮಯ ಹಿಡಿದದ್ದು ಕೈಯ ಸ್ಟಾಪ್‌ವಾಚಿನಲ್ಲಿ, ಸೆಕೆಂಡಿನ ಐದನೆಯ ಒಂದು ಭಾಗದ ಲೆಕ್ಕದಲ್ಲಿ. ಗೆದ್ದವರ ಸಮಯಗಳನ್ನು ಸಾಲಾಗಿ ಬರೆದು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ: 7.0, 11.0, 22.2, 49.4, 15.4, 25.4, 57.6. ಎಲ್ಲವೂ ಸಮಸಂಖ್ಯೆಯಲ್ಲೇ ಮುಗಿಯುತ್ತವೆ. ಎರಡನೆಯವನಿಗೆ 11.1, ಮೂರನೆಯವನಿಗೆ 22.9 ಎಂದು ಪುಸ್ತಕಗಳು ಕೊಡುವ ಅಂಕಿಗಳು ಅಂಥ ಗಡಿಯಾರದಿಂದ ಬರುವಂತಿಲ್ಲ. ಗೆದ್ದವನಿಗೂ ಹಿಂದಿನವನಿಗೂ ಎಷ್ಟು ಅಂತರವಿತ್ತು ಎಂಬ ಅಂದಾಜಿನಿಂದ ಲೆಕ್ಕ ಹಾಕಿದ ಸಂಖ್ಯೆಗಳವು. ಹತ್ತನೇ ಒಂದು ಸೆಕೆಂಡಿನ ಅಂತರವನ್ನು ಈ ಕೂಟದ ಮಟ್ಟಿಗೆ ಅಕ್ಷರಶಃ ತೆಗೆದುಕೊಳ್ಳಬಾರದು.

100 ಮೀಟರ್

ಜುಲೈ 14ರ 100 ಮೀಟರ್ ಓಟದಲ್ಲಿ ಗೆಲ್ಲುವವನು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಆರ್ಥರ್ ಡಫಿ ಎಂದು ಬಲ್ಲವರೆಲ್ಲ ನಂಬಿದ್ದರು. ಅದೇ ಬೇಸಿಗೆಯಲ್ಲಿ ಲಂಡನ್ನಿನ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಚಾಂಪಿಯನ್‌ಷಿಪ್‌ನಲ್ಲಿ ಅವನು 100 ಗಜದ ಓಟ ಗೆದ್ದು ಬಂದಿದ್ದ. ಪೂರ್ವಭಾವಿ ಸುತ್ತುಗಳಲ್ಲಿ ಪ್ರಿನ್ಸ್‌ಟನ್ನಿನ ಫ್ರಾಂಕ್ ಜಾರ್ವಿಸ್ ಮತ್ತು ಟ್ಯೂಕ್ಸ್‌ಬರಿ ಇಬ್ಬರೂ 10.8 ಸೆಕೆಂಡಿನಲ್ಲಿ ಓಡಿ ಅಂದಿನ ಅತ್ಯುತ್ತಮ ಸಮಯವನ್ನು ಸರಿಗಟ್ಟಿದರು. ಹುಲ್ಲಿನ ಮೇಲೆ ಅದು ಸಣ್ಣ ಸಾಧನೆಯಲ್ಲ. ಫೈನಲ್‌ನಲ್ಲಿ ನಾಲ್ವರು: ಈ ಮೂವರು ಅಮೆರಿಕನ್ನರು, ಜೊತೆಗೆ ನ್ಯೂ ಸೌತ್ ವೇಲ್ಸ್‌ನ ಸ್ಟ್ಯಾನ್ ರೌಲಿ. ಸೋತವರಿಗೆ ಕೊಟ್ಟ ಇನ್ನೊಂದು ಅವಕಾಶದಲ್ಲಿ ಗೆದ್ದು ರೌಲಿ ಒಳಗೆ ಬಂದಿದ್ದ. ಓಟ ಶುರುವಾಗುತ್ತಲೇ ಡಫಿ ಮುಂದಾದ. ಅರ್ಧ ದಾರಿ ದಾಟುವ ಹೊತ್ತಿಗೆ ಅವನ ಕಾಲಿನ ಸ್ನಾಯುರಜ್ಜು ಸೆಳೆದುಕೊಂಡು ನೆಲಕ್ಕುರುಳಿದ. ಜಾರ್ವಿಸ್ 11.0 ಸೆಕೆಂಡಿನಲ್ಲಿ ಗೆದ್ದ, ಟ್ಯೂಕ್ಸ್‌ಬರಿ ಎರಡನೆಯವನಾದ, ರೌಲಿ ಮೂರನೆಯವನು.

ಡಫಿಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1902ರಲ್ಲಿ ಅವನು 100 ಗಜವನ್ನು 9.6 ಸೆಕೆಂಡಿನಲ್ಲಿ ಓಡಿದ. 1905ರಲ್ಲಿ ಓಟಕ್ಕೆ ಹಣ ಪಡೆದಿದ್ದೇನೆಂದು ಒಪ್ಪಿಕೊಂಡಾಗ ಅಮೆರಿಕದ ಹವ್ಯಾಸಿ ಕ್ರೀಡಾಡಳಿತ ಅವನ ದಾಖಲೆಗಳನ್ನು ಅಳಿಸಿಹಾಕಿತು. ಆ ಕಾಲದ ಅತ್ಯಂತ ವೇಗದ ಓಟಗಾರನ ಹೆಸರು ಒಲಿಂಪಿಕ್ ವಿಜೇತರ ಪಟ್ಟಿಯಲ್ಲಿ ಇಲ್ಲ, ಬಹುಕಾಲ ದಾಖಲೆಗಳ ಪಟ್ಟಿಯಲ್ಲೂ ಇರಲಿಲ್ಲ.

ಭಾನುವಾರದ ಜಗಳ

ಜುಲೈ 14 ಫ್ರಾನ್ಸಿನ ರಾಷ್ಟ್ರೀಯ ಹಬ್ಬ, ಮರುದಿನ ಭಾನುವಾರ. ಫ್ರೆಂಚರಿಗೆ ಭಾನುವಾರವೆಂದರೆ ಜನ ಮೈದಾನಕ್ಕೆ ಬರುವ ದಿನ. ಕ್ರೈಸ್ತ ಪಂಥಗಳ ಹಿಡಿತದಲ್ಲಿದ್ದ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಿಗೆ ಅದು ಆಟವಾಡಬಾರದ ದಿನ. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು 400 ಮೀಟರ್ ಓಟಕ್ಕೆ. ಫೈನಲ್ ತಲುಪಿದ್ದ ಆರು ಮಂದಿಯಲ್ಲಿ ಮೂವರು ಅಮೆರಿಕನ್ನರು, ಬೋರ್ಡ್‌ಮನ್, ಲೀ ಮತ್ತು ಮೊಲೊನಿ, ಭಾನುವಾರ ಓಡುವುದಿಲ್ಲ ಎಂದು ಹೊರಗುಳಿದರು. ಉಳಿದ ಮೂವರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಮ್ಯಾಕ್ಸಿ ಲಾಂಗ್ 49.4 ಸೆಕೆಂಡಿನಲ್ಲಿ ಗೆದ್ದ, ವಿಲಿಯಂ ಹಾಲೆಂಡ್ ಅವನ ಬೆನ್ನಿಗೇ ಬಂದ. ಡೆನ್ಮಾರ್ಕಿನ ಅರ್ನ್‌ಸ್ಟ್ ಶುಲ್ಟ್ಜ್ ಬಹಳ ಹಿಂದೆ ಉಳಿದರೂ ಮೂರನೆಯವನಾದ, ಏಕೆಂದರೆ ನಾಲ್ಕನೆಯವನೇ ಇರಲಿಲ್ಲ. ಹಾಗೆಂದು ಲಾಂಗ್‌ನ ಗೆಲುವನ್ನು ಹಗುರವಾಗಿ ಕಾಣುವಂತಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಅವನು ನ್ಯೂಜೆರ್ಸಿಯಲ್ಲಿ ತಿರುವಿಲ್ಲದ ನೇರ ದಾರಿಯಲ್ಲಿ 440 ಗಜವನ್ನು 47.0 ಸೆಕೆಂಡಿನಲ್ಲಿ ಓಡಿದ.

ಅದೇ ಭಾನುವಾರ 60 ಮೀಟರ್ ಓಟವನ್ನು ಕ್ರೆನ್ಜ್‌ಲೈನ್ 7.0 ಸೆಕೆಂಡಿನಲ್ಲಿ ಗೆದ್ದ. ಟ್ಯೂಕ್ಸ್‌ಬರಿ ಮತ್ತು ರೌಲಿ ಇಲ್ಲೂ ಎರಡು ಮತ್ತು ಮೂರನೆಯವರು. ಹಿಂದಿನ ದಿನ 110 ಮೀಟರ್ ಹರ್ಡಲ್ಸ್ ಕ್ರೆನ್ಜ್‌ಲೈನನ ಪಾಲಾಗಿತ್ತು, 16ರಂದು 200 ಮೀಟರ್ ಹರ್ಡಲ್ಸ್ ಕೂಡ. ಮುಂದಿನ ಕಾಲನ್ನು ನೇರವಾಗಿ ಚಾಚಿ, ಓಟದ ಲಯ ಕೆಡದಂತೆ ಹರ್ಡಲ್ ದಾಟುವ ಕ್ರಮವನ್ನು ಬಳಕೆಗೆ ತಂದವನು ಇವನೇ. ಇಂದಿನ ಹರ್ಡಲ್ಸ್ ಓಟಗಾರರು ಓಡುವುದೂ ಬಹುಮಟ್ಟಿಗೆ ಹಾಗೆಯೇ. ಇವನ ನಾಲ್ಕನೆಯ ಗೆಲುವು ಉದ್ದ ಜಿಗಿತದ್ದು. ಅದರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮಾಯರ್ ಪ್ರಿನ್‌ಸ್ಟೀನ್ ಶನಿವಾರ ಮುಂದಿದ್ದ. ಪ್ರಿನ್‌ಸ್ಟೀನ್ ಯೆಹೂದಿ, ಅವನ ವಿಶ್ವವಿದ್ಯಾಲಯ ಮೆಥಡಿಸ್ಟರದು; ಭಾನುವಾರ ಜಿಗಿಯಲು ಅದು ಅವನಿಗೆ ಅನುಮತಿ ಕೊಡಲಿಲ್ಲ. ಕ್ರೆನ್ಜ್‌ಲೈನ್ ಭಾನುವಾರ ಜಿಗಿದು 1 ಸೆಂಟಿಮೀಟರ್ ಅಂತರದಿಂದ ಗೆದ್ದ. ಇಬ್ಬರ ನಡುವೆ ಹೊಡೆದಾಟದವರೆಗೂ ಹೋಯಿತೆಂದು ಹೇಳುತ್ತಾರೆ. ಒಂದೇ ಕೂಟದಲ್ಲಿ ಅಥ್ಲೆಟಿಕ್ಸ್‌ನ ನಾಲ್ಕು ವೈಯಕ್ತಿಕ ಸ್ಪರ್ಧೆಗಳನ್ನು ಗೆದ್ದವನು ಇಂದಿಗೂ ಅವನೊಬ್ಬನೇ.

400 ಮೀಟರ್ ಹರ್ಡಲ್ಸ್ ಈ ಕೂಟದ ಅತ್ಯಂತ ವಿನೋದದ ಓಟ. ಹರ್ಡಲ್‌ಗಳ ಬದಲು ಟೆಲಿಫೋನ್ ಕಂಬಗಳನ್ನು ಅಡ್ಡಡ್ಡ ಇಟ್ಟಿದ್ದರು, ಕೊನೆಯಲ್ಲೊಂದು ನೀರಿನ ಹೊಂಡವನ್ನೂ ಹಾರಬೇಕಿತ್ತು. ಅಮೆರಿಕದಲ್ಲಿ ಈ ಓಟದ ರೂಢಿಯೇ ಇರಲಿಲ್ಲ, ಫ್ರಾನ್ಸಿನ ಆನ್ರಿ ತೋಜ್ಯಾಂ ಇದರಲ್ಲಿ ಪಳಗಿದ ಕೈ. ಆದರೂ ಟ್ಯೂಕ್ಸ್‌ಬರಿ 57.6 ಸೆಕೆಂಡಿನಲ್ಲಿ ಅವನನ್ನು ಹಿಂದೆ ಹಾಕಿದ. ಮೂರನೆಯವನು ಜಾರ್ಜ್ ಆರ್ಟನ್.

200 ಮೀಟರ್ ಮತ್ತು ಪ್ರಿಚರ್ಡ್

ಒಲಿಂಪಿಕ್ಸ್‌ನ ಮೊದಲ 200 ಮೀಟರ್ ಓಟದ ಫೈನಲ್ ಜುಲೈ 22ರಂದು ನಡೆಯಿತು. ಟ್ಯೂಕ್ಸ್‌ಬರಿ 22.2 ಸೆಕೆಂಡಿನಲ್ಲಿ ನಿರಾಯಾಸವಾಗಿ ಗೆದ್ದ. ಹಿಂದಿನವರ ಹೋರಾಟ ತೀರ ಹತ್ತಿರದ್ದು. ನಾರ್ಮನ್ ಪ್ರಿಚರ್ಡ್ ರೌಲಿಯನ್ನು ಅಂದಾಜು ಹತ್ತನೇ ಒಂದು ಸೆಕೆಂಡಿನ ಅಂತರದಿಂದ ಹಿಂದಿಕ್ಕಿ ಎರಡನೆಯವನಾದ. ಆರು ದಿನ ಮೊದಲು 200 ಮೀಟರ್ ಹರ್ಡಲ್ಸ್‌ನಲ್ಲೂ ಅವನು ಕ್ರೆನ್ಜ್‌ಲೈನನ ಹಿಂದೆ, ಟ್ಯೂಕ್ಸ್‌ಬರಿಯ ಮುಂದೆ ಬಂದಿದ್ದ. 60, 100 ಮೀಟರ್ ಮತ್ತು 110 ಮೀಟರ್ ಹರ್ಡಲ್ಸ್‌ನಲ್ಲಿ ಓಡಿದರೂ ಅವನಿಗೆ ಮೊದಲ ಮೂರರಲ್ಲಿ ಸ್ಥಾನ ಸಿಗಲಿಲ್ಲ.

ಪ್ರಿಚರ್ಡ್ ಹುಟ್ಟಿದ್ದು ಕಲ್ಕತ್ತೆಯಲ್ಲಿ, ಓದಿದ್ದು ಅಲ್ಲಿನ ಸೇಂಟ್ ಝೇವಿಯರ್ ಕಾಲೇಜಿನಲ್ಲಿ. ತಂದೆ ತಾಯಿ ಬ್ರಿಟಿಷರು. 1894ರಿಂದ 1900ರವರೆಗೆ ಏಳು ವರ್ಷ ಬಂಗಾಳ ಪ್ರಾಂತದ 100 ಗಜದ ಓಟವನ್ನು ಅವನೇ ಗೆಲ್ಲುತ್ತ ಬಂದಿದ್ದ. ಫುಟ್‌ಬಾಲಿನಲ್ಲೂ ಹೆಸರು ಮಾಡಿದವನು. 1897ರಲ್ಲಿ ಶೋಭಾಬಜಾರ್ ಕ್ಲಬ್ ವಿರುದ್ಧ ಅವನು ಹೊಡೆದ ಮೂರು ಗೋಲುಗಳನ್ನು ಭಾರತದ ಮುಕ್ತ ಫುಟ್‌ಬಾಲ್ ಪಂದ್ಯಾವಳಿಯ ಮೊದಲ ಹ್ಯಾಟ್ರಿಕ್ ಎಂದು ಗುರುತಿಸುತ್ತಾರೆ. 1900ರಲ್ಲಿ ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಚಾಂಪಿಯನ್‌ಷಿಪ್‌ನಲ್ಲಿ ಓಡಿ 120 ಗಜದ ಹರ್ಡಲ್ಸ್‌ನಲ್ಲಿ ಕ್ರೆನ್ಜ್‌ಲೈನನ ಹಿಂದೆ ಎರಡನೆಯವನಾದ; ಅಲ್ಲಿಂದ ಪ್ಯಾರಿಸ್‌ಗೆ ಬಂದ. ಮರಳಿ ಕಲ್ಕತ್ತೆಯಲ್ಲಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದು, 1905ರಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ. ಅಲ್ಲಿ ನಟನಾದ. ನಂತರ ಅಮೆರಿಕಕ್ಕೆ ದಾಟಿ ನಾರ್ಮನ್ ಟ್ರೆವರ್ ಎಂಬ ಹೆಸರಿನಲ್ಲಿ ಮೂಕಿ ಚಿತ್ರಗಳಲ್ಲಿ ಕಾಣಿಸಿಕೊಂಡ. 1926ರ ‘ಬೋ ಜೆಸ್ಟ್’ ಅವುಗಳಲ್ಲೊಂದು. 1929ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ.

ದೇಶದ ಕಾಲಂ

ಪ್ರಿಚರ್ಡ್ ಓಡಿದ್ದು ಭಾರತಕ್ಕೋ ಬ್ರಿಟನ್ನಿಗೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪಟ್ಟಿಯಲ್ಲಿ ಅವನ ಎರಡು ಬೆಳ್ಳಿಗಳು ಭಾರತದವು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2005ರಲ್ಲಿ ಹೊರತಂದ ಅಂಕಿಅಂಶಗಳಲ್ಲಿ ಅವನನ್ನು ಬ್ರಿಟನ್ನಿನ ಓಟಗಾರನೆಂದು ಕಾಣಿಸಿತು. ಲಂಡನ್ನಿನ ಚಾಂಪಿಯನ್‌ಷಿಪ್‌ನಲ್ಲಿ ಓಡಿದ್ದರಿಂದಲೇ ಅವನಿಗೆ ಪ್ಯಾರಿಸ್ ದಾರಿ ತೆರೆಯಿತೆಂಬುದು ಬ್ರಿಟನ್ನಿನ ಪರವಾದ ವಾದ. ಹುಟ್ಟು, ಓದು, ಓಟದ ಪಳಗುವಿಕೆ ಎಲ್ಲವೂ ಕಲ್ಕತ್ತೆಯದೆಂಬುದು ಇನ್ನೊಂದು ವಾದ. ಈ ಪ್ರಶ್ನೆಯನ್ನು ಪ್ರಿಚರ್ಡ್‌ಗೆ ಮಾತ್ರ ಕೇಳುವುದು ಸರಿಯಲ್ಲ. ಆರ್ಟನ್ ಕೆನಡಾದವನು. ಪೆನ್ಸಿಲ್ವೇನಿಯ ತಂಡದೊಂದಿಗೆ ಬಂದದ್ದರಿಂದ ದಶಕಗಳ ಕಾಲ ಅವನನ್ನು ಅಮೆರಿಕದ ಲೆಕ್ಕದಲ್ಲಿ ಹಿಡಿದರು. ಈಗ ಅವನು ಕೆನಡಾದ ಮೊದಲ ಒಲಿಂಪಿಕ್ ವಿಜೇತ, ಗೆದ್ದದ್ದು 2500 ಮೀಟರ್ ಸ್ಟೀಪಲ್‌ಚೇಸ್. ರೌಲಿಯ ಮೂರು ಕಂಚುಗಳು ಆಸ್ಟ್ರೇಲಿಯದ ಖಾತೆಯಲ್ಲಿವೆ. ಆಸ್ಟ್ರೇಲಿಯದ ಒಕ್ಕೂಟ ಹುಟ್ಟಿದ್ದೇ 1901ರ ಜನವರಿ 1ರಂದು. 5000 ಮೀಟರ್ ತಂಡ ಓಟಕ್ಕೆ ಬ್ರಿಟನ್ನಿಗೆ ಐದನೆಯವನು ಬೇಕಾದಾಗ ರೌಲಿಯನ್ನೇ ಸೇರಿಸಿಕೊಂಡರು. ವೇಗದ ಓಟಗಾರನಾದ ಅವನು ದೂರದ ಓಟದಲ್ಲಿ ಬಳಲಿ ನಡೆಯತೊಡಗಿದ, ಉಳಿದ ಒಂಬತ್ತು ಮಂದಿ ಮುಗಿಸಿದ ಮೇಲೆ ಅವನಿಗೆ ಹತ್ತನೆಯ ಸ್ಥಾನ ಕೊಟ್ಟು ನಿಲ್ಲಿಸಿದರು. ಕಡಿಮೆ ಅಂಕದವರಿಗೇ ಗೆಲುವು ಎಂಬ ಲೆಕ್ಕದಲ್ಲಿ 26 ಅಂಕಗಳ ಬ್ರಿಟನ್ ತಂಡ 29 ಅಂಕಗಳ ಫ್ರಾನ್ಸನ್ನು ಮೀರಿಸಿತು, ರೌಲಿಗೂ ಒಂದು ಮೊದಲ ಬಹುಮಾನ ಬಂತು.

ಆಗ ಸ್ಪರ್ಧಿಗಳು ಬರುತ್ತಿದ್ದುದು ಸ್ವಂತವಾಗಿ, ಇಲ್ಲವೇ ಕ್ಲಬ್ಬು, ವಿಶ್ವವಿದ್ಯಾಲಯಗಳ ಮೂಲಕ. ರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೂಲಕವೇ ಹೆಸರು ಕೊಡಬೇಕೆಂಬ ನಿಯಮ 1908ರ ಲಂಡನ್ ಕೂಟದಲ್ಲಿ ಬಂತು. ಅದಕ್ಕೆ ಮುಂಚಿನ ಓಟಗಾರರಿಗೆ ದೇಶ ಹಚ್ಚುವ ಯಾವುದೇ ಪಟ್ಟಿಯಲ್ಲಿ ಪಟ್ಟಿ ಮಾಡಿದವರ ತೀರ್ಮಾನ ಬೆರೆತೇ ಇರುತ್ತದೆ. ಭಾರತದ ಮಟ್ಟಿಗೆ ಈ ತೀರ್ಮಾನ ಮುಖ್ಯವಾಗಲು ಕಾರಣವಿದೆ: ಪ್ರಿಚರ್ಡ್‌ನನ್ನು ಬಿಟ್ಟರೆ ಒಲಿಂಪಿಕ್ ಅಥ್ಲೆಟಿಕ್ಸ್‌ನಲ್ಲಿ ದೇಶದ ಮೊದಲ ಪದಕ ಟೋಕಿಯೊದಲ್ಲಿ 2021ರ ಆಗಸ್ಟ್‌ನಲ್ಲಿ ಜಾವೆಲಿನ್ ಎಸೆತದಲ್ಲಿ ಬಂದ ನೀರಜ್ ಚೋಪ್ರಾ ಅವರ ಚಿನ್ನ.

ಮುಂದಿನ ಗತಿ

60 ಮೀಟರ್ ಓಟ ಮತ್ತು 200 ಮೀಟರ್ ಹರ್ಡಲ್ಸ್ 1904ರ ಸೇಂಟ್ ಲೂಯಿಸ್ ಕೂಟದಲ್ಲಿ ಇನ್ನೊಮ್ಮೆ ನಡೆದು ಒಲಿಂಪಿಕ್ಸ್‌ನಿಂದ ಮರೆಯಾದವು. ಅಲ್ಲಿ 60, 100, 200 ಮೂರನ್ನೂ ಗೆದ್ದವನು ಅಮೆರಿಕದ ಆರ್ಚಿ ಹಾನ್. 200 ಮೀಟರ್ ಓಟ ಕಾರ್ಯಕ್ರಮದಲ್ಲಿ ನೆಲೆನಿಂತಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟ 1912ರಲ್ಲಿ ಸ್ಥಾಪನೆಯಾದ ಮೇಲೆ ವಿಶ್ವದಾಖಲೆಗಳಿಗೆ ಅಧಿಕೃತ ಮನ್ನಣೆ ಸಿಗತೊಡಗಿತು. ಪುರುಷರ 100 ಮೀಟರ್‌ನಲ್ಲಿ ಮೊದಲು ಹಾಗೆ ದಾಖಲಾದದ್ದು ಡೊನಾಲ್ಡ್ ಲಿಪಿನ್‌ಕಾಟ್ ಸ್ಟಾಕ್‌ಹೋಮ್‌ನಲ್ಲಿ ಓಡಿದ 10.6 ಸೆಕೆಂಡ್. ಪ್ಯಾರಿಸ್‌ನಲ್ಲಿ ಮಹಿಳೆಯರು ಟೆನಿಸ್, ಗಾಲ್ಫ್ ಆಡಿದ್ದರು. ಒಲಿಂಪಿಕ್ ಓಟದ ಟ್ರ್ಯಾಕ್‌ಗೆ ಅವರು ಬಂದದ್ದು 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ. 60 ಮೀಟರ್ ಓಟ ಈಗ ಒಳಾಂಗಣ ಚಾಂಪಿಯನ್‌ಷಿಪ್‌ಗಳಲ್ಲಿ ನಡೆಯುತ್ತದೆ.