ಹಾಡಿ, ಪೋಡು ಮತ್ತು ಪ್ರವಾಸಿಯ ಕುಟೀರ

ದಕ್ಷಿಣ ಕರ್ನಾಟಕದ ಅರಣ್ಯಗಳ ಅಂಚಿನಲ್ಲಿ ಪ್ರವಾಸಿಗಳಿಗಾಗಿ ನಿರ್ಮಿತವಾಗಿರುವ ವಸತಿಗಳಲ್ಲಿ ಕೆಲವು ಗಿರಿಜನರ ಗುಡಿಸಲನ್ನು ತಮಗೆ ಮಾದರಿಯಾಗಿ ಇರಿಸಿಕೊಂಡಿವೆ. ತಲೆಮಾರುಗಳಿಂದ ಕಾಡಿನೊಳಗೆ ಇದ್ದೂ ಕಾಡನ್ನು ಕೆಡಿಸದ ಮನೆಯ ರೀತಿಯನ್ನು ಅನುಸರಿಸಿದರೆ ಹೊಸ ಕಟ್ಟಡವೂ ನಿಸರ್ಗಕ್ಕೆ ಹೊರೆಯಾಗಲಾರದು ಎಂಬುದು ಇದರ ಹಿಂದಿನ ತರ್ಕ. ಈ ತರ್ಕವು ಎಷ್ಟರಮಟ್ಟಿಗೆ ಸರಿ? ಗುಡಿಸಲಿನ ಹಗುರತನವು ಅದರ ಆಕಾರದಿಂದ ಬಂದುದೋ, ಅಥವಾ ಅದರಲ್ಲಿ ವಾಸಿಸುತ್ತಿದ್ದವರಿಗೂ ಕಾಡಿಗೂ ಇದ್ದ ಸಂಬಂಧದಿಂದ ಬಂದುದೋ? ಈ ಪ್ರಶ್ನೆಯನ್ನು ಹೆಗ್ಗಡದೇವನಕೋಟೆ ಮತ್ತು ಬಿಳಿಗಿರಿರಂಗನ ಬೆಟ್ಟಗಳ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜೇನುಕುರುಬರ ಮತ್ತು ಬೆಟ್ಟಕುರುಬರ ನೆಲೆಗೆ ಹಾಡಿ ಎಂದೂ ಸೋಲಿಗರ ನೆಲೆಗೆ ಪೋಡು ಎಂದೂ ಹೆಸರು. ಆನೆ ಹಿಡಿಯುವ ಕಾರ್ಯದಲ್ಲಿ ಪ್ರಸಿದ್ಧನಾದ ಸ್ಯಾಂಡರ್ಸನ್ ಎಂಬಾತನು 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಜನರ ಪ್ರಸ್ತಾಪವುಂಟು. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಹೊರಬಂದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳೂ ಈ ವಿಷಯದ ಅಭ್ಯಾಸಿಗಳಿಗೆ ಪರಿಚಿತವಾದವು. ಮರದ ಕಂಬ, ಸೀಳುಬಿದಿರಿನ ತಡಿಕೆ, ಅದರ ಮೇಲೆ ಮಣ್ಣಿನ ಮೆತ್ತನೆ, ಹುಲ್ಲಿನ ಹೊದಿಕೆ: ಗುಡಿಸಲಿನ ಸಾಮಗ್ರಿಯೆಂದರೆ ಇಷ್ಟೇ. ಒಳಗಿನ ಒಲೆಯ ಹೊಗೆಯು ಬಿದಿರಿಗೂ ಹುಲ್ಲಿಗೂ ಹುಳು ಹತ್ತದಂತೆ ಕಾಯುತ್ತಿತ್ತು. ಸೋಲಿಗರು ಕಾಡಿನ ಒಂದು ತುಂಡನ್ನು ಸವರಿ ರಾಗಿಯನ್ನು ಬೆಳೆಯುತ್ತಿದ್ದರು. ನೆಲದ ಸತ್ತ್ವ ಕುಂದಿದಾಗ ಬೇರೆಡೆಗೆ ಸರಿಯುತ್ತಿದ್ದರು. ಬಿಟ್ಟುಹೋದ ಗುಡಿಸಲು ಮಣ್ಣಿಗೆ ಸೇರುತ್ತಿತ್ತು, ಬಯಲಾದ ನೆಲವನ್ನು ಕಾಡು ಮರಳಿ ಪಡೆಯುತ್ತಿತ್ತು. ಆದುದರಿಂದ ಈ ಮನೆಯ ಹಗುರತನಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಸಾಮಗ್ರಿಯು ಸಮೀಪದಲ್ಲಿಯೇ ದೊರೆತು ಮತ್ತೆ ಬೆಳೆಯುವಂಥದು. ಅದನ್ನು ತರುವ ಸ್ವಾತಂತ್ರ್ಯವೂ ಮಿತಿಯ ಅರಿವೂ ಕಟ್ಟುವವನಿಗೇ ಇದ್ದವು. ಮನೆಯನ್ನು ಶಾಶ್ವತವೆಂದು ಯಾರೂ ಬಗೆದಿರಲಿಲ್ಲ. ಆಕಾರವು ಈ ಮೂರರ ಫಲವೇ ಹೊರತು ಕಾರಣವಲ್ಲ.

ಪ್ರವಾಸಿಯ ವಸತಿಯ ವಂಶಾವಳಿಯಾದರೋ ಗುಡಿಸಲಿನಿಂದ ಮೊದಲಾಗುವುದಿಲ್ಲ. ಬೇಟೆಯ ಬಂಗಲೆಯಿಂದ ಮೊದಲಾಗುತ್ತದೆ. ಮೈಸೂರಿನ ಅರಸರು ಕಾರಾಪುರದಲ್ಲಿಯೂ ಕ್ಯಾತದೇವರ ಗುಡಿಯಲ್ಲಿಯೂ ಇಂತಹ ಬಂಗಲೆಗಳನ್ನು ಹೊಂದಿದ್ದರು. ಕಾಕನಕೋಟೆಯ ಖೆಡ್ಡಾಗಳಿಗೆ ರಾಜಪ್ರತಿನಿಧಿಗಳೂ ಗಣ್ಯ ಅತಿಥಿಗಳೂ ಬರುತ್ತಿದ್ದರು. ಅತಿಥಿಯು ಬಂಗಲೆಯಲ್ಲಿ ತಂಗುವನು. ಅವನಿಗೆ ಆನೆಯ ಜಾಡನ್ನು ತೋರಿಸುವ ಕುರುಬನು ಹಾಡಿಯಿಂದ ಬರುವನು. 1971ರಲ್ಲಿ ಕೊನೆಯ ಖೆಡ್ಡಾ ನಡೆದು ಆ ಯುಗವು ಮುಗಿಯಿತು.

ಅನಂತರದ ಒಂದು ದಶಕದಲ್ಲಿ ಎಲ್ಲವೂ ಬದಲಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಿತು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಕಾಕನಕೋಟೆಯ ಅರಣ್ಯದ ಒಂದು ಭಾಗವೂ ಹಲವು ಊರುಗಳೂ ನೀರಿನಡಿಗೆ ಸೇರಿದವು. ಅದೇ ವರ್ಷ ಬಿಳಿಗಿರಿರಂಗನ ಬೆಟ್ಟವು ವನ್ಯಧಾಮವೆಂದು ಘೋಷಿತವಾಗಿ ಸೋಲಿಗರ ಸರದಿ ಬೇಸಾಯವು ನಿಂತುಹೋಯಿತು. ಕಾಡಿನ ತರಗಿಗೆ ಕಾಲಕಾಲಕ್ಕೆ ಅವರು ಹಾಕುತ್ತಿದ್ದ ತರಗುಬೆಂಕಿಯೂ ನಿಷಿದ್ಧವಾಯಿತು. ಅನೇಕ ಕುಟುಂಬಗಳು ಕಾಡಿನ ಅಂಚಿನ ಸಾಲುಮನೆಗಳಿಗೆ ಸ್ಥಳಾಂತರಗೊಂಡವು. 1980ರಲ್ಲಿ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಸಹಯೋಗದೊಡನೆ ಜಂಗಲ್ ಲಾಡ್ಜಸ್ ಎಂಬ ಸಂಸ್ಥೆಯು ಸ್ಥಾಪಿತವಾಗಿ ಕಾರಾಪುರದ ಹಳೆಯ ಬೇಟೆಯ ಬಂಗಲೆಗಳು ಪ್ರವಾಸಿಗಳಿಗೆ ತೆರೆದುಕೊಂಡವು. ಹೊಸ ಕಟ್ಟಡದ ಬದಲು ಇದ್ದುದನ್ನೇ ಬಳಸಿಕೊಂಡುದು ಒಂದು ದೃಷ್ಟಿಯಿಂದ ಮಿತವಾದ ಮಾರ್ಗವೇ ಸರಿ. ಹಾಡಿಯ ಚಿತ್ರವನ್ನು ಮುಂದಿಟ್ಟ ಕುಟೀರಗಳು ಕಾಣಿಸಿಕೊಂಡುದು ಆ ಬಳಿಕ. ಹೀಗೆ, ಹಾಡಿಯವನು ಹಂಚಿನ ಅಥವಾ ತಗಡಿನ ಮಾಡಿನಡಿಗೆ ಹೋದ ಕಾಲದಲ್ಲಿಯೇ ಹುಲ್ಲಿನ ಹೊದಿಕೆಯು ಅತಿಥಿಯ ಪಾಲಿಗೆ ಬಂದಿತು.

ಈ ವಿರೋಧವು ನ್ಯಾಯಾಲಯದವರೆಗೂ ಹೋಯಿತು. ನಾಗರಹೊಳೆಯ ಮೂರ್ಕಲ್ಲಿನಲ್ಲಿ ಒಂದು ಖಾಸಗಿ ಹೋಟೆಲು ಸಂಸ್ಥೆಗೆ ಅರಣ್ಯವಸತಿಯನ್ನು ಗುತ್ತಿಗೆಗೆ ಕೊಟ್ಟುದನ್ನು ನಾಗರಹೊಳೆಯ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯು ಪ್ರಶ್ನಿಸಿತು. ತಮ್ಮನ್ನು ಕಾಡಿಗೆ ಹೊರೆಯೆಂದು ಹೊರಗಟ್ಟುವ ನೀತಿಯು ಪ್ರವಾಸಿಯನ್ನು ಏಕೆ ಸ್ವಾಗತಿಸುತ್ತದೆ ಎಂಬುದು ಗಿರಿಜನರ ಪ್ರಶ್ನೆಯಾಗಿತ್ತು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದ ಈ ಗುತ್ತಿಗೆಯು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತಿತು. ಆ ಕಟ್ಟಡಗಳು ಎಷ್ಟು ಹಗುರವಾಗಿದ್ದವು ಎಂಬುದಕ್ಕಿಂತ, ಆ ನೆಲವನ್ನು ಕೊಡುವ ಅಧಿಕಾರವು ಯಾರದು ಎಂಬುದೇ ಅಲ್ಲಿ ನಿರ್ಣಾಯಕವಾಯಿತೆಂಬುದನ್ನು ಗಮನಿಸಬೇಕು.

ಇನ್ನು ವಿನ್ಯಾಸದ ವಿಚಾರ. ಕಾಂಕ್ರೀಟಿನ ಮೇಲೆ ಹುಲ್ಲನ್ನು ಹೊದಿಸಿ, ಅದರೊಳಗೆ ಖಾಸಗಿ ಈಜುಕೊಳವನ್ನು ಅಳವಡಿಸಿದ ಕುಟೀರವು ಕಬಿನಿಯ ದಂಡೆಯಲ್ಲಿ ಕಾಣಸಿಗುತ್ತದೆ. ಅದು ಹಾಡಿಯ ಮುಖವಾಡವನ್ನು ಮಾತ್ರ ಧರಿಸಿದೆ. ಇದಕ್ಕೆ ಪ್ರತಿಯಾಗಿ ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಕೆಲಸವನ್ನು ನೋಡಬಹುದು. ಹೊರದೇಶದಿಂದ ಬಂದು ಕಾಡನ್ನು ಮುತ್ತಿಕೊಂಡಿರುವ ಲಂಟಾನಾ ಕಡ್ಡಿಯನ್ನು ಅವರು ಬಿದಿರಿನ ಬದಲಿಗೆ ಬಳಸಿ ಕುರ್ಚಿ ಮೇಜುಗಳನ್ನು ಹೆಣೆಯುತ್ತಾರೆ. ತರಗುಬೆಂಕಿ ನಿಂತುದರಿಂದಲೇ ಈ ಪೊದೆಯು ಹಬ್ಬಿತೆಂಬುದು ಸೋಲಿಗ ಹಿರಿಯರ ಅಭಿಪ್ರಾಯ. ಕಾಡಿಗೆ ಬೇಡವಾದುದನ್ನು ತೆಗೆದು ಮನೆಗೆ ಬೇಕಾದುದನ್ನು ಮಾಡುವ ಈ ಕ್ರಮದಲ್ಲಿ ಹಳೆಯ ಗುಡಿಸಲಿನ ಆಕಾರವಿಲ್ಲದಿದ್ದರೂ ಅದರ ನ್ಯಾಯವು ಉಳಿದುಬಂದಿದೆ.

2006ರ ಅರಣ್ಯ ಹಕ್ಕು ಕಾಯಿದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನಗಳಲ್ಲಿ ಸೇರಿಸಿ ಅದರ ಮೇಲೆ ಅರಣ್ಯವಾಸಿಗಳಿಗೆ ಹಕ್ಕನ್ನು ಕೊಟ್ಟಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ಲಭಿಸಿದವು. ಗುಡಿಸಲಿನ ಗೋಡೆಯು ಯಾವ ವಸ್ತುವಿನಿಂದ ಆಗಿತ್ತೋ ಆ ವಸ್ತುವಿನ ಮೇಲಣ ಅಧಿಕಾರವು ಹೀಗೆ ಕಾನೂನಿನ ಮಟ್ಟದಲ್ಲಾದರೂ ಅದನ್ನು ಕಟ್ಟಿದವರಿಗೆ ಹಿಂದಿರುಗಿತು.

ಒಟ್ಟಿನಲ್ಲಿ, ಗಿರಿಜನರ ಮನೆಯಿಂದ ಕಲಿಯುವುದೆಂದರೆ ಅದರ ಮಾಡಿನ ಇಳಿಜಾರನ್ನು ನಕಲು ಮಾಡುವುದಲ್ಲ. ಎಷ್ಟು ಅತಿಥಿಗಳನ್ನು ಆ ನೆಲವು ತಾಳಬಲ್ಲದು, ಸಾಮಗ್ರಿಯು ಎಲ್ಲಿಂದ ಬರಬೇಕು, ಕಟ್ಟಡವು ಎಂದು ಕಳಚಿಹೋಗಬೇಕು ಎಂಬುವುಗಳನ್ನು ಆ ಕಾಡಿನ ಗ್ರಾಮಸಭೆಯೇ ನಿರ್ಧರಿಸುವಂತಾದಲ್ಲಿ ಮಾತ್ರ ಆ ಕಲಿಕೆಯು ನಿಜವಾಗುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಅರಮನೆ ದೇವಾಲಯಗಳ ನಕ್ಷೆಗಳನ್ನು ತೆಗೆದಷ್ಟೇ ಶ್ರದ್ಧೆಯಿಂದ ಉಳಿದಿರುವ ಹಾಡಿ ಪೋಡುಗಳ ಮನೆಗಳನ್ನು, ಅವುಗಳನ್ನು ಕಟ್ಟಬಲ್ಲ ಹಿರಿಯರು ಇರುವಾಗಲೇ, ಅವರ ಒಪ್ಪಿಗೆಯನ್ನು ಪಡೆದು ದಾಖಲೆ ಮಾಡಿಕೊಳ್ಳುವುದು ಅಗತ್ಯ.