ಫಲಕ ಒಂದು, ಸಂಖ್ಯೆ ನಾಲ್ಕು: ಜಾಗ್ವಾರ್ ಇ-ಟೈಪ್‌ನ ಅಸಲಿತನ ಪತ್ತೆ

ಜಾಗ್ವಾರ್ ಇ-ಟೈಪ್ ಮೊದಲು ಕಾಣಿಸಿಕೊಂಡದ್ದು 1961ರ ಮಾರ್ಚ್‌ನಲ್ಲಿ, ಜಿನೀವಾ ಮೋಟಾರು ಮೇಳದಲ್ಲಿ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1974ರವರೆಗೆ ತಯಾರಾದ ಈ ಕಾರಿಗೆ ಇಂದು ಭಾರಿ ಬೆಲೆಯಿದೆ. ಬೆಲೆ ಏರಿದಂತೆ ಬೇರೆ ಬೇರೆ ಕಾರುಗಳ ಭಾಗ ಸೇರಿಸಿ ‘ಅಸಲಿ’ ಎಂದು ಮಾರುವವರೂ ಹುಟ್ಟಿಕೊಂಡರು. ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗುವ ಮೊದಲು ಬಾನೆಟ್ ಎತ್ತಿ ಸಂಖ್ಯೆಗಳನ್ನು ಓದಬೇಕು.

ಎಲ್ಲೆಲ್ಲಿ ನೋಡಬೇಕು

ಎಂಜಿನ್ ಇರುವ ಜಾಗದಲ್ಲೇ ಗುರುತಿನ ಫಲಕವಿದೆ. ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸ್ ಈ ನಾಲ್ಕರ ಸಂಖ್ಯೆಗಳೂ ಅದರಲ್ಲಿರುತ್ತವೆ. ಚಾಸಿ ನಂಬರನ್ನು ಮುಂಭಾಗದ ಫ್ರೇಮಿನ ಬಲಬದಿಯಲ್ಲಿ, ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಮೇಲೆ ಪಂಚ್ ಮಾಡಿರುತ್ತಾರೆ. ಎಂಜಿನ್ ನಂಬರ್ ಬ್ಲಾಕಿನ ಬಲಬದಿಯಲ್ಲಿ ಆಯಿಲ್ ಫಿಲ್ಟರಿನ ಮೇಲ್ಗಡೆಯೂ ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲೂ ಇರುತ್ತದೆ. ಅದರ ಕೊನೆಯಲ್ಲಿ ಬರುವ 8 ಅಥವಾ 9 ಕಂಪ್ರೆಷನ್ ಅನುಪಾತವನ್ನು ತಿಳಿಸುತ್ತದೆ.

ಸಂಖ್ಯೆ ಬಿಚ್ಚಿಡುವ ಗುಟ್ಟು

ಇಂದಿನ 17 ಅಕ್ಷರಗಳ ಗುರುತು ಸಂಖ್ಯೆ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅದಕ್ಕೂ ಮುಂಚೆ ಪ್ರತಿ ಕಂಪನಿಗೂ ತನ್ನದೇ ಲೆಕ್ಕವಿತ್ತು. 3.8 ಲೀಟರಿನ ಇ-ಟೈಪ್‌ನಲ್ಲಿ ಬಲಬದಿ ಸ್ಟೀರಿಂಗಿನ ತೆರೆದ ಕಾರುಗಳ ಸಂಖ್ಯೆ 850001ರಿಂದ, ಕೂಪೆಗಳದ್ದು 860001ರಿಂದ ಆರಂಭ. ಎಡಬದಿ ಸ್ಟೀರಿಂಗಿನ ತೆರೆದ ಕಾರುಗಳದ್ದು 875001, ಕೂಪೆಗಳದ್ದು 885001. ತೆರೆದ ಕಾರಿನಲ್ಲಿ 885ರಿಂದ ಶುರುವಾಗುವ ಸಂಖ್ಯೆ ಕಂಡರೆ, ಯಾರೋ ಕೂಪೆಯ ಚಾವಣಿ ಕತ್ತರಿಸಿದ್ದಾರೆಂದೋ ಫಲಕವೇ ಬೇರೆ ಕಾರಿನದೆಂದೋ ಅನುಮಾನಿಸಬೇಕು. ಬಲಬದಿ ಸ್ಟೀರಿಂಗಿನ ಕಾರಿನಲ್ಲಿ 875 ಇದ್ದರೆ ಸ್ಟೀರಿಂಗನ್ನು ಆಮೇಲೆ ಬದಲಿಸಿರುವ ಸಾಧ್ಯತೆಯೇ ಹೆಚ್ಚು.

ಕಾರಿನ ಮೈಯೂ ಸಂಖ್ಯೆಗೆ ಹೊಂದಬೇಕು. ತೀರಾ ಆರಂಭದ ಕಾರುಗಳಲ್ಲಿ ಬಾನೆಟ್ ಚಿಲಕ ಹೊರಗಿತ್ತು, ಕಾಲಿಡುವ ನೆಲ ಚಪ್ಪಟೆಯಾಗಿತ್ತು. ಇವಕ್ಕೇ ಹೆಚ್ಚು ಬೇಡಿಕೆ, ಹಾಗಾಗಿ ಇಲ್ಲೇ ಹೆಚ್ಚು ಎಚ್ಚರ ಬೇಕು.

ಫಲಕ ಒಂದನ್ನೇ ನಂಬಬಾರದು

ಹೊಸದಾಗಿ ಮಾಡಿದ ಖಾಲಿ ಫಲಕಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಫ್ರೇಮಿನ ಮೇಲಿನ ಸಂಖ್ಯೆಯೂ ಅಂತಿಮ ಸಾಕ್ಷಿಯಲ್ಲ, ಏಕೆಂದರೆ ಇ-ಟೈಪ್‌ನ ಮುಂಭಾಗದ ಫ್ರೇಮನ್ನು ಬೋಲ್ಟ್ ಬಿಚ್ಚಿ ಬದಲಿಸಬಹುದು. ತುಕ್ಕು ಹಿಡಿದ ಫ್ರೇಮನ್ನು ತೆಗೆದು ಹೊಸದರ ಮೇಲೆ ಹಳೆಯ ಸಂಖ್ಯೆಯನ್ನೇ ಪಂಚ್ ಮಾಡಿಸಿದ ಪ್ರಾಮಾಣಿಕ ಮಾಲೀಕರೂ ಇದ್ದಾರೆ. ಅದು ಮೋಸವಲ್ಲ, ಮುಚ್ಚಿಟ್ಟರೆ ಮಾತ್ರ ಮೋಸ. ಅಕ್ಷರಗಳ ಆಕಾರ, ಆಳ, ಸಾಲು, ಸುತ್ತಲಿನ ಗ್ರೈಂಡಿಂಗ್ ಗೀರು, ವೆಲ್ಡಿಂಗ್ ಗುರುತುಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಪಂಚ್ ಹೊಡೆದಾಗ ಕೆಳಗಿನ ಲೋಹವೂ ಒತ್ತಿಕೊಳ್ಳುತ್ತದೆ. ಆದ್ದರಿಂದ ಉಜ್ಜಿ ಅಳಿಸಿದ ಸಂಖ್ಯೆಯನ್ನೂ ವಿಧಿವಿಜ್ಞಾನ ತಜ್ಞರು ಎಷ್ಟೋ ಸಲ ಆಮ್ಲ ಹಚ್ಚಿ ಮತ್ತೆ ಓದಬಲ್ಲರು.

ಕಾರ್ಖಾನೆಯ ದಾಖಲೆ

ಬ್ರಿಟನ್ನಿನ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಮೂಲ ದಾಖಲೆಗಳ ಆಧಾರದ ಮೇಲೆ ಪ್ರಮಾಣಪತ್ರ ಕೊಡುತ್ತದೆ. ಕಾರು ತಯಾರಾದ ದಿನ, ಮೂಲ ಬಣ್ಣ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸಂಖ್ಯೆ, ಕಾರನ್ನು ಮೊದಲು ಪಡೆದ ವಿತರಕ, ಎಲ್ಲವೂ ಅದರಲ್ಲಿರುತ್ತವೆ. ಫಲಕ, ಲೋಹ, ದಾಖಲೆ ಮೂರೂ ತಾಳೆಯಾದರೆ ಮಾತ್ರ ಪೂರ್ತಿ ಬೆಲೆ ಕೊಡುವುದು ಜಾಣತನ.

ನಮ್ಮ ದೇಶದ ನಿಯಮ

ಭಾರತದಲ್ಲಿ 2021ರ ನಿಯಮದಂತೆ 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳು ಬರುತ್ತವೆ. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬುದು ಷರತ್ತು. ನಿಮ್ಮ ಮನೆಯ ಶೆಡ್ಡಿನಲ್ಲಿ ಯಾವುದೇ ಹಳೆಯ ಕಾರಿದ್ದರೆ, ಟಿಂಕರಿಂಗ್‌ಗೆ ಕೊಡುವ ಮೊದಲು ಸಂಖ್ಯೆಗಳ ಫೋಟೊ ತೆಗೆದಿಡಿ. ಆ ಜಾಗವನ್ನು ಗ್ರೈಂಡ್ ಮಾಡಲು ಮಾತ್ರ ಯಾರಿಗೂ ಬಿಡಬೇಡಿ.